ಗೇಟು ಹಾಕಿತ್ತು

2023ರ ಜೂನ್ ತಿಂಗಳು. ಆ ತಿಂಗಳ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ ಎಂದಾಗಿ ಇನ್ನೂ ಎರಡು ವಾರ ಕಳೆದಿರಲಿಲ್ಲ. ನಾನು ಎಂದಿನಂತೆ ಕಡೂರಿನಿಂದ ತರೀಕೆರೆಗೆ, ನನ್ನ ಶಾಲೆಗೆ ಹೊರಟಿದ್ದೆ. ಬೀರೂರಿನಲ್ಲಿ ಬಸ್ಸು ತುಂಬಿತು. ನಿಂತೇ ಹೋಗಬೇಕಾಗಿ ಬಂದ ಹಿರಿಯರೊಬ್ಬರು, ಯಾರಿಗೆ ಎಂದಲ್ಲದೆ ಎಲ್ಲರಿಗೂ ಕೇಳುವಂತೆ, "ಇನ್ನೇನು, ಹೆಂಗಸರಿಗೆ ಬಸ್ ಹತ್ತೋದೇ ಒಂದು ಕೆಲಸ ಆಯ್ತು. ಸುಮ್‌ಸುಮ್ನೆ ತಿರುಗ್ತಾರೆ" ಎಂದರು.

ಆಮೇಲೆ ನಡೆದದ್ದು ನೋಡಿ. ಮುಂದಿನ ಸೀಟಿನಾಕೆ ತಿರುಗಿ, "ನಾನು ಆಸ್ಪತ್ರೆಗೆ ಹೋಗ್ತಿರೋದು ಕಣಣ್ಣ" ಎಂದರು. ಪಕ್ಕದವರು, "ಮಗಳು ಬಾಣಂತಿ, ನೋಡ್ಕೊಂಡು ಬರಬೇಕು" ಎಂದರು. ಹಿಂದಿನಿಂದ ಒಂದು ದನಿ, "ತಾಲ್ಲೂಕಾಫೀಸಿನಲ್ಲಿ ಪಹಣಿ ತರೋದಿದೆ" ಎಂದಿತು. ಯಾರೂ ಯಾರನ್ನೂ ಕೇಳಿರಲಿಲ್ಲ. ಆದರೂ ಒಬ್ಬೊಬ್ಬರೂ ತಮ್ಮ ತಮ್ಮ ಕಾರಣವನ್ನು ಆಧಾರ್ ಕಾರ್ಡಿನ ಹಾಗೆ ತೆಗೆದು ತೋರಿಸುತ್ತಿದ್ದರು. ನಾನೇನು ಮಾಡಿದೆ ಗೊತ್ತೆ? ತೊಡೆಯ ಮೇಲಿದ್ದ ಬ್ಯಾಗಿನ ಬಾಯಿ ಸ್ವಲ್ಪ ಅಗಲಿಸಿ, ಮಕ್ಕಳ ನೋಟ್‌ಪುಸ್ತಕಗಳು ಕಾಣುವ ಹಾಗೆ ಇಟ್ಟುಕೊಂಡೆ.

ಕಂಡಕ್ಟರ್ ಬಂದರು. "ಎಲ್ಲಿಗೆ?" ಎಂದು ಮಾತ್ರ ಕೇಳಿ ಶೂನ್ಯ ದರದ ಚೀಟಿ ಹರಿದು ಕೊಟ್ಟರು. "ಯಾಕೆ?" ಎಂದು ಅವರು ಯಾರನ್ನೂ ಕೇಳಲಿಲ್ಲ. ಅದು ನಮಗೆ ನಾವೇ ಕೇಳಿಕೊಂಡ ಪ್ರಶ್ನೆ.

ತರೀಕೆರೆ ಬರುವವರೆಗೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೆಂಗಸು ಮನೆಯಿಂದ ಹೊರಡಬೇಕಾದರೆ ಕಾರಣ ಬೇಕೆ? ಕಾರಣವಿಲ್ಲದಾಗ ಒಂದನ್ನು ಕಟ್ಟಿ ಹೇಳಿದರೆ ಅದು ತಪ್ಪೆ? ಇದನ್ನು ನಾನು ಪುಸ್ತಕ ಓದಿ ಕೇಳುತ್ತಿಲ್ಲ. ಅದಕ್ಕೆ ನಾಲ್ಕು ವರ್ಷ ಹಿಂದೆ, 2019ರ ಜನವರಿಯ ಒಂದು ಬುಧವಾರ, ನಾನೇ ಅಂಥದೊಂದು ಸುಳ್ಳು ಹೇಳಿ ಬೆಂಗಳೂರಿಗೆ ಹೋಗಿದ್ದೆ.

ಆ ಹೊತ್ತಿಗೆ ನನಗೆ ಐವತ್ತು ತುಂಬಿತ್ತು. ಹುಟ್ಟಿದ್ದು ತರೀಕೆರೆಯಲ್ಲಿ, ಸೊಸೆಯಾಗಿ ಬಂದದ್ದು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಗೆ, ಮಗನ ಓದಿಗೆಂದು ಮನೆ ಮಾಡಿದ್ದು ಕಡೂರಿನಲ್ಲಿ. ನನ್ನ ಬಾಳೆಲ್ಲ ಈ ಮೂರು ಊರುಗಳ ನಡುವೆ ಬಸ್ಸಿನಲ್ಲೇ ಕಳೆದಿದೆ ಎಂದರೂ ತಪ್ಪಲ್ಲ. ಬೆಂಗಳೂರಿಗೂ ಹೋಗಿರಲಿಲ್ಲವೆಂದಲ್ಲ. ಮದುವೆಗೆ ಹೋಗಿದ್ದೆ, ಮಾವನವರ ಕಣ್ಣಿನ ಆಪರೇಷನ್‌ಗೆ ಹೋಗಿದ್ದೆ, ಇಲಾಖೆಯ ತರಬೇತಿಗೆ ಹೋಗಿದ್ದೆ. ಛತ್ರ, ಆಸ್ಪತ್ರೆ, ತರಬೇತಿ ಕೇಂದ್ರ, ಮೂರೂ ಚೆನ್ನಾಗಿ ಗೊತ್ತಿತ್ತು. ಊರು ಗೊತ್ತಿರಲಿಲ್ಲ. ಮಕ್ಕಳಿಗೆ ಶಾಸನ, ವೀರಗಲ್ಲು ಎಂದು ಇಪ್ಪತ್ತೈದು ವರ್ಷ ಪಾಠ ಹೇಳಿದವಳು ಬೆಂಗಳೂರಿನ ಮ್ಯೂಸಿಯಂ ಒಳಗೆ ಕಾಲಿಟ್ಟಿರಲಿಲ್ಲ. ಐವತ್ತರ ಹುಟ್ಟುಹಬ್ಬದ ರಾತ್ರಿ ಪಾತ್ರೆ ತೊಳೆಯುತ್ತಾ ಲೆಕ್ಕ ಹಾಕಿದೆ: ಯಾರ ಕೆಲಸಕ್ಕೂ ಅಲ್ಲದೆ, ಯಾರ ಜೊತೆಗೂ ಅಲ್ಲದೆ, ನಾನು ಎಲ್ಲಿಗಾದರೂ ಹೋದ ದಿನ ಎಷ್ಟು? ಒಂದೂ ಸಿಗಲಿಲ್ಲ.

ಹಾಗೆಂದು ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕಟ್ಟಿಹಾಕಿದವರಲ್ಲ. ನಮ್ಮವರು ಒಂದು ದಿನವೂ ಗಟ್ಟಿಯಾಗಿ ಬೈದವರಲ್ಲ. ಅತ್ತೆ ಸ್ವಲ್ಪ ಖಾರ, ಆದರೆ ನಾನು ಕೆಲಸಕ್ಕೆ ಹೋಗುವಾಗ ಮಗುವನ್ನು ಸಾಕಿ ಕೊಟ್ಟವರು ಅವರೇ. ಆದರೂ "ನಾಳೆ ನಾನೊಬ್ಬಳೇ ಬೆಂಗಳೂರಿಗೆ ಹೋಗಿ, ಪಾರ್ಕು, ಮ್ಯೂಸಿಯಂ ನೋಡಿ, ಹೋಟೆಲಿನಲ್ಲಿ ದೋಸೆ ತಿಂದು ಬರ್ತೀನಿ" ಎಂಬ ಮಾತು ಬಾಯಿಗೆ ಬರಲಿಲ್ಲ. ಮನೆಯಲ್ಲಿ, "ಪಠ್ಯಪುಸ್ತಕದ ವಿಷಯಕ್ಕೆ ಇಲಾಖೆಯ ಒಂದು ಸಭೆ ಇದೆ" ಎಂದೆ. ಶಾಲೆಯಲ್ಲಿ, "ಮನೆಯಲ್ಲಿ ಸ್ವಲ್ಪ ಕೆಲಸ" ಎಂದು ಸಿ.ಎಲ್. ಬರೆದು ಕೊಟ್ಟೆ. ಮನೆಗೆ ಶಾಲೆಯ ನೆಪ, ಶಾಲೆಗೆ ಮನೆಯ ನೆಪ. ನಮ್ಮಂಥವರಿಗೆ ಈ ಎರಡು ಬಾಗಿಲು ಬಿಟ್ಟರೆ ಮೂರನೆಯದು ಎಲ್ಲಿದೆ?

ಬೆಳಗಿನ ರೈಲು ಹಿಡಿದೆ. ಕಡೂರಿನಿಂದ ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರು. ಅರಸೀಕೆರೆ, ತಿಪಟೂರಿನ ತೆಂಗಿನ ತೋಟಗಳು ಮಂಜಿನಲ್ಲಿ ಹಿಂದೆ ಸರಿದವು. ಮೆಜೆಸ್ಟಿಕ್ಕಿನಲ್ಲಿ ಇಳಿದು, ನೆಲದೊಳಗಿನ ಮೆಟ್ರೋಗೆ ಟೋಕನ್ ಕೊಂಡು, ವಿಧಾನಸೌಧದ ನಿಲ್ದಾಣದಲ್ಲಿ ಹತ್ತಿ ಮೇಲೆ ಬಂದೆ. ಒಂದು ಕಡೆ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅದರ ಬೆನ್ನಿಗೆ ಕಬ್ಬನ್ ಪಾರ್ಕು. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ಆದ ತೋಟ ಇದು. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಒಂದು ದೊಡ್ಡ ಬಿದಿರ ಮೆಳೆಯ ಹತ್ತಿರ ಕಲ್ಲುಬೆಂಚಿನ ಮೇಲೆ ಕುಳಿತೆ. ಕುಳಿತು ಐದು ನಿಮಿಷಕ್ಕೆ ಕೈ ಚಡಪಡಿಸತೊಡಗಿತು. ಸುಮ್ಮನೆ ಕುಳಿತು ಅಭ್ಯಾಸವಿದ್ದರೆ ತಾನೆ! ಅತ್ತಿತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಿಜವಾಗಿ ಒಂದು ನಾಯಿಯೂ ನೋಡುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಬ್ಯಾಗಿನಿಂದ ಎಂಟನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆ ತೆಗೆದು ತಿದ್ದಲು ಶುರುಮಾಡಿದೆ. ಆರು ಪತ್ರಿಕೆ ತಿದ್ದಿದ ಮೇಲೆ ನನಗೇ ನಗು ಬಂತು. ಬೆಂಗಳೂರಿನವರೆಗೆ ಬಂದು ಮರದ ಕೆಳಗೆ ಕುಳಿತು ಕೆಂಪು ಪೆನ್ನು ಹಿಡಿದಿದ್ದೇನಲ್ಲ! ಪತ್ರಿಕೆ ಒಳಗಿಟ್ಟೆ. ಆಮೇಲೆ ಮುಕ್ಕಾಲು ಗಂಟೆ ಏನೂ ಮಾಡಲಿಲ್ಲ. ಬಿದಿರು ಗಾಳಿಗೆ ಒಂದಕ್ಕೊಂದು ತಿಕ್ಕಿ ಕಿರ್ರೆನ್ನುವುದನ್ನು ಕೇಳುತ್ತಾ ಇದ್ದೆ. ಆ ಮುಕ್ಕಾಲು ಗಂಟೆಯಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ನನಗೆ ಮಾತ್ರ ಆಯಿತು.

ಅಲ್ಲಿಂದ ಪಾರ್ಕಿನ ಅಂಚಿಗೇ ಇರುವ ಕಸ್ತೂರಬಾ ರಸ್ತೆಗೆ ನಡೆದೆ. ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮ್ಯೂಸಿಯಂ ಮುಂದೆ ಯಾವುದೋ ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಅವರ ಟೀಚರೊಬ್ಬರು ನನ್ನ ಸೀರೆ, ಬ್ಯಾಗು ನೋಡಿ ನಮ್ಮವರೇ ಎಂದುಕೊಂಡು, "ನಿಮ್ಮ ಮಕ್ಕಳೆಷ್ಟು ಮೇಡಂ?" ಎಂದು ಕೇಳಿದರು. "ನಾನೊಬ್ಬಳೇ" ಎಂದೆ. ಆಕೆಗೆ ಅರ್ಥವಾಗಲಿಲ್ಲ. ನಾನು ಮುಂದೆ ಹೋದೆ.

ಪಕ್ಕದ್ದೇ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಶುರುವಾದದ್ದು. ಈ ಕೆಂಪು ಕಟ್ಟಡ 1877ರದು. ಅದರೊಳಗೆ ನಾನು ಹುಡುಕಿಕೊಂಡು ಬಂದದ್ದು ಆತಕೂರಿನ ಕಲ್ಲನ್ನು. ಮಂಡ್ಯ ಸೀಮೆಯ ಆತಕೂರಿನಿಂದ ಬಂದದ್ದು, ಕ್ರಿ.ಶ. 949ರ ಹೊತ್ತಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಕಥೆ ಅದರಲ್ಲಿದೆ. ನನಗೆ ಇಷ್ಟವಾದದ್ದು ಆ ಯುದ್ಧವಲ್ಲ. ಬೂತುಗನ ಕಡೆಯ ವೀರ ಮಣಲೇರ. ಒಡೆಯ ಮೆಚ್ಚಿ "ಏನು ಬೇಕೋ ಕೇಳು" ಎಂದಾಗ ಅವನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಸೆಣಸುತ್ತಲೇ ಇವೆ, ಸಾವಿರ ವರ್ಷ ದಾಟಿದೆ.

ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ "ನೋಡಿದ್ದಾಯ್ತಲ್ಲ, ನಡಿ" ಎನ್ನುತ್ತಿದ್ದರು. ಇಲ್ಲವೆ ಅವರಿಗೆ ಬೇಸರವಾಗುತ್ತದೆಂದು ನಾನೇ ಹೊರಟುಬಿಡುತ್ತಿದ್ದೆ. ಭೂಮಿ ಕೇಳಬಹುದಾಗಿದ್ದ ಮನುಷ್ಯ, ಜನ ಏನೆಂದಾರು ಎನ್ನದೆ, ತನಗೆ ಬೇಕಾದ ಒಂದು ನಾಯಿಯನ್ನು ಬಾಯಿಬಿಟ್ಟು ಕೇಳಿದನಲ್ಲ ಎಂದುಕೊಂಡೆ. ಸುಳ್ಳು ಹೇಳಿ ಬಂದವಳಿಗೆ ಆ ಮಾತು ಸ್ವಲ್ಪ ಚುಚ್ಚಿತು.

ಮಧ್ಯಾಹ್ನ ಮತ್ತೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆದೆ. ಜನವರಿಯಾದ್ದರಿಂದ ಗಾಡಿಗಳ ಮೇಲೆ ಅವರೆಕಾಯಿ ರಾಶಿ, ಅದರ ಸೊಗಡು. ವಿದ್ಯಾರ್ಥಿ ಭವನದ ಹೆಸರು ಯಾರಿಗೆ ಗೊತ್ತಿಲ್ಲ? 1943ರಿಂದ ಇರುವ ಹೋಟೆಲು. ಹೊರಗೆ ಕಾದು, ಸರದಿ ಬಂದಾಗ ಅಪರಿಚಿತರ ಮೇಜಿನಲ್ಲಿ ಖಾಲಿಯಿದ್ದ ಕುರ್ಚಿಯಲ್ಲಿ ಕುಳಿತೆ. ಎದುರಿಗೆ ಒಬ್ಬ ಅಜ್ಜ ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದ್ದರು. ಪಂಚೆಯುಟ್ಟ ಮಾಣಿ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬಂದು ನನ್ನ ಮುಂದೊಂದು ಇಟ್ಟು ಹೋದರು.

ನೀವೂ ಬಲ್ಲಿರಿ, ಮನೆಯಲ್ಲಿ ದೋಸೆ ಹುಯ್ಯುವವಳು ಬಿಸಿ ದೋಸೆ ತಿನ್ನುವುದಿಲ್ಲ. ಎಲ್ಲರದೂ ಆದ ಮೇಲೆ, ಪಾತ್ರೆಯ ತಳ ಬಳಿದು ಹುಯ್ದ ಕೊನೆಯ ದೋಸೆ ಅವಳದು. ಅವತ್ತು ಕೆಂಪಗೆ ಗರಿಗರಿಯಾಗಿದ್ದ ಮಸಾಲೆ ದೋಸೆಯನ್ನು, ಬೆಣ್ಣೆ ಕರಗುತ್ತಿದ್ದ ಹಾಗೆಯೇ, ಯಾರ ತಟ್ಟೆಯ ಕಡೆಗೂ ಕಣ್ಣಿಡದೆ ತಿಂದೆ. ಕಾಫಿ ಕುಡಿದೆ. ಬಿಲ್ಲು ನಾನೇ ಕೊಟ್ಟೆ. ಸಂಜೆಯ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಬರುವಾಗ ನನ್ನಷ್ಟು ಸುಖಿ ಆ ಬೋಗಿಯಲ್ಲಿ ಇರಲಿಲ್ಲ.

ಸುಖ ಮನೆಯ ಬಾಗಿಲವರೆಗೆ. "ಸಭೆ ಹೇಗಾಯ್ತು?" ಎಂದರು ನಮ್ಮವರು. "ಆಯ್ತು" ಎಂದೆ. "ಊಟ ಕೊಟ್ರಾ?" ಎಂದರು ಅತ್ತೆ. "ಕೊಟ್ರು, ಅನ್ನ ಸಾರು, ಸಪ್ಪೆ" ಎಂದೆ. ಆ ದೋಸೆಗೆ ನಾನು ಮಾಡಿದ ದ್ರೋಹ ಅದು! ನಾಯಿಯ ಕಲ್ಲಿನ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವ ಹಾಗಿರಲಿಲ್ಲ. ಸುಳ್ಳು ನನಗೆ ಒಂದು ದಿನ ಕೊಟ್ಟಿತ್ತು, ಆ ದಿನವನ್ನು ಹಂಚಿಕೊಳ್ಳುವ ಬಾಯನ್ನು ಕಿತ್ತುಕೊಂಡಿತ್ತು.

ಶಾಲೆಯಲ್ಲಿ ಮಾತ್ರ ತಡೆಯಲಾಗಲಿಲ್ಲ. ಎಂಟನೇ ತರಗತಿಗೆ ಆತಕೂರಿನ ಕಲ್ಲನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನೀವು ನೋಡಿದೀರಾ? ಯಾರ ಜೊತೆ ಹೋಗಿದ್ರಿ?" ಎಂದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನಾನು, "ಇಲಾಖೆ ಕೆಲಸಕ್ಕೆ ಹೋಗಿದ್ದೆ, ಹಾಗೇ ನೋಡ್ಕೊಂಡು ಬಂದೆ" ಎಂದೆ. ಅವಳು "ಓ" ಎಂದು ಕುಳಿತಳು. ಆ "ಓ" ನನ್ನ ಎದೆಗೆ ನಾಟಿತು.

ಆ ವರ್ಷವೂ ಶಾಲೆಯ ಕಾರ್ಯಕ್ರಮಕ್ಕೆ ಪುಣ್ಯಕೋಟಿಯ ಹಾಡನ್ನು ಅದೇ ಹುಡುಗಿಯರಿಗೆ ನಾನು ಕಲಿಸಿದ್ದೆ. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಮರಳಿ ಹೋದ ಹಸು. ಸತ್ಯವೆಂದರೆ ಇದು ಎಂದು ಹೇಳುತ್ತಲೇ ಬಂದಿದ್ದೆ. ಅಂದು ರಾತ್ರಿ ನಿದ್ದೆ ಬಾರದೆ ಹೊರಳುವಾಗ ಒಂದು ವಿಚಾರ ಹೊಳೆಯಿತು. ಪುಣ್ಯಕೋಟಿ ದೊಡ್ಡವಳೇ, ಪ್ರಾಣವನ್ನೇ ಒತ್ತೆಯಿಟ್ಟವಳು. ಆದರೆ ಅವಳ ಸತ್ಯಕ್ಕೆ ಕರುವಿನ ಆಸರೆಯಿತ್ತು. ಹಸಿದ ಕಂದನಿಗೆ ಹಾಲು ಕೊಟ್ಟು ಬರುತ್ತೇನೆ ಎಂದಳು, ಹುಲಿ ಬಿಟ್ಟಿತು. "ಸ್ವಲ್ಪ ಹೊತ್ತು ಈ ಬೆಟ್ಟದ ತಪ್ಪಲಲ್ಲಿ ಅಡ್ಡಾಡಿ ಬರ್ತೀನಿ" ಎಂದಿದ್ದರೆ ಹುಲಿ ಬಿಡುತ್ತಿತ್ತೆ? ನಮಗೆ ಸಿಗುವ ಬಿಡುವೆಲ್ಲ ಇಂಥದೇ. ಕರುವಿನ ಹೆಸರಲ್ಲಿ, ಗಂಡನ ಹೆಸರಲ್ಲಿ, ದೇವರ ಹೆಸರಲ್ಲಿ. ನಮ್ಮದೇ ಹೆಸರಲ್ಲಿ ಕೇಳಬೇಕಾದಾಗ ಸತ್ಯ ಬಾಯಿಗೆ ಬರುವುದಿಲ್ಲ.

ಹಾಗಾದರೆ ತಪ್ಪು ನನ್ನದಲ್ಲ, ಲೋಕದ್ದು ಎಂದು ಹೇಳಿ ಮಲಗಿಬಿಡಬಹುದಿತ್ತು. ಆ "ಓ" ಬಿಡಲಿಲ್ಲ.

ಮಾರನೆಯ ಸಂಜೆ ಅತ್ತೆ ಮತ್ತು ನಾನು ಹಿತಕಿದ ಬೇಳೆಗೆ ಅವರೆಕಾಳು ಹಿಸುಕುತ್ತಾ ಕುಳಿತಿದ್ದೆವು. ಹೇಳಿಬಿಟ್ಟೆ. "ಅತ್ತೆ, ಅವತ್ತು ಸಭೆ ಗಿಭೆ ಏನೂ ಇರಲಿಲ್ಲ. ಸುಮ್ನೆ ಹೋಗಿದ್ದೆ. ಒಬ್ಬಳೇ."

ಅವರ ಕೈ ನಿಲ್ಲಲಿಲ್ಲ. ಹತ್ತಿಪ್ಪತ್ತು ಕಾಳು ಹಿಸುಕಿದ ಮೇಲೆ, "ಹಂಗಾದ್ರೆ ಸಪ್ಪೆ ಸಾರು?" ಎಂದರು.

"ಮಸಾಲೆ ದೋಸೆ ತಿಂದೆ."

"ಮುಂಡೇದೆ" ಎಂದರು. ಆಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡರು. ನಕ್ಕು ಮುಗಿದ ಮೇಲೆ ಹೇಳಿದರು. ಹೊಸದಾಗಿ ಮದುವೆಯಾದ ಕಾಲದಲ್ಲಿ ಅವರು ಹಳ್ಳಿಯಿಂದ ಅಜ್ಜಂಪುರದ ಸಂತೆಗೆ ಬೆಣ್ಣೆ ಹೊತ್ತು ನಡೆದು ಹೋಗುತ್ತಿದ್ದರಂತೆ. ಮಾರಿ, ಉಪ್ಪು ಎಣ್ಣೆ ಕೊಂಡು ಬರುವಾಗ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮರದ ಕೆಳಗೆ ಅರ್ಧ ಗಂಟೆ ಕುಳಿತುಕೊಳ್ಳುತ್ತಿದ್ದರಂತೆ. ಹೊಗೆಬಂಡಿ ಬರುವುದನ್ನೂ ಅದರಲ್ಲಿ ಕುಳಿತ ಜನರ ಮುಖಗಳನ್ನೂ ನೋಡುವುದಕ್ಕೆ. ತಡವಾಯಿತೇಕೆ ಎಂದು ಅವರ ಅತ್ತೆ ಕೇಳಿದರೆ, "ಗೇಟು ಹಾಕಿತ್ತು" ಎನ್ನುತ್ತಿದ್ದರಂತೆ. "ಪ್ರತಿ ಸಂತೆಗೂ ಗೇಟು ಹಾಕ್ತಿತ್ತು ಕಣೆ. ಪಾಪ, ಆ ಗೇಟಿನೋನನ್ನ ನಮ್ಮತ್ತೆ ಎಷ್ಟು ಬೈದ್ರೋ!"

ನಾನೂ ನಕ್ಕೆ. ನಗುತ್ತಲೇ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಅವರ ಅರ್ಧ ಗಂಟೆ ನನ್ನ ಕಾಲಕ್ಕೆ ಒಂದು ದಿನವಾಗಿದೆ, ಬೆಣ್ಣೆಯ ಬದಲು ಸಂಬಳ ಬಂದಿದೆ. ಆದರೆ ಗೇಟು? ಅದು ಇನ್ನೂ ಹಾಕಿಯೇ ಇದೆ. ಅವರು ಸುಳ್ಳು ಹೇಳಿ ಗೇಟಿನ ಕೆಳಗೆ ನುಸುಳಿದರು, ನಾನೂ ನುಸುಳಿದೆ. ಇಬ್ಬರೂ ಅದನ್ನು ಒಂದು ಮೊಳವೂ ಎತ್ತಲಿಲ್ಲ.

ಅತ್ತೆಯ ಸುಳ್ಳನ್ನು ನಾನು ತಪ್ಪೆನ್ನಲಾರೆ. ಕೈಯಲ್ಲಿ ಕಾಸಿಲ್ಲದ, ನಿಜ ಹೇಳಿದರೆ ಮುಂದಿನ ಸಂತೆಯೇ ತಪ್ಪುವ ಹೆಣ್ಣುಮಗಳಿಂದ ಸತ್ಯ ಬೇಡುವುದಕ್ಕೆ ಯಾರಿಗೂ ಹಕ್ಕಿಲ್ಲ. ನಿಜ ಹೇಳಿದ್ದಕ್ಕೆ ಏಟು ತಿನ್ನುವ ಮನೆಗಳು ಇಂದಿಗೂ ಇವೆ. ಅಲ್ಲಿಯೂ ಇದೇ ಮಾತು. ನನ್ನ ಸ್ಥಿತಿ ಹಾಗಿರಲಿಲ್ಲ. ನನಗೆ ಸಂಬಳವಿತ್ತು, ರಜೆಯಿತ್ತು, ಹೊಡೆಯುವವರಿರಲಿಲ್ಲ. ನಿಜ ಹೇಳಿದ್ದರೆ ನಾನು ತೆರಬೇಕಾಗಿದ್ದ ಬೆಲೆ ಒಂದಿಷ್ಟು ಮುಜುಗರ, ಎರಡು ದಿನದ ಬಿಗಿದ ಮುಖ. ಅಷ್ಟು ತೆರಬಲ್ಲವಳೂ ಸುಳ್ಳು ಹೇಳಿದರೆ, ತೆರಲಾರದವಳಿಗೆ ದಾರಿ ಮಾಡುವವರು ಯಾರು?

ಬಿಗಿದ ಮುಖವೂ ಬಂತು. ರಾತ್ರಿ ನಮ್ಮವರಿಗೂ ಹೇಳಿದೆ. ಅವರು ಬೈಯಲಿಲ್ಲ. "ನನ್ನ ಹತ್ರ ಸುಳ್ಳು ಹೇಳ್ಬೇಕಿತ್ತಾ? ನಾನು ಅಷ್ಟು ಕೆಟ್ಟೋನಾ?" ಎಂದರು. ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು. ನಿಜ ಹೇಳಿದ್ದರೆ ಅವರು "ಹೋಗಿ ಬಾ" ಎನ್ನುತ್ತಿದ್ದರೋ, "ಒಬ್ಬಳೇ ಯಾಕೆ?" ಎನ್ನುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ. ವಿಚಾರಣೆಯಿಲ್ಲದೆ ಅವರನ್ನು ತಪ್ಪಿತಸ್ಥರ ಸಾಲಿಗೆ ಸೇರಿಸಿದ್ದೆ. ಸುಳ್ಳಿನ ಈ ಅನ್ಯಾಯ ನನಗೆ ಮೊದಲು ಹೊಳೆದಿರಲಿಲ್ಲ.

ನಾಲ್ಕನೇ ದಿನ ಅವರೇ, ಪೇಪರಿನಿಂದ ತಲೆ ಎತ್ತದೆ, "ಏನೇನು ನೋಡಿದೆ?" ಎಂದರು. ನಾಯಿಯ ಕಥೆ ಹೇಳಿದೆ. ಆ ದಿನ ನನ್ನ ಬೆಂಗಳೂರು ನಿಜವಾಗಿ ನನ್ನದಾಯಿತು.

ಉಳಿದದ್ದು ಎಂಟನೇ ತರಗತಿ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಪಾಠ ಮುಗಿದ ಮೇಲೆ ಡಸ್ಟರ್ ಕೆಳಗಿಟ್ಟು, "ಅವತ್ತು ನಾನು ಇಲಾಖೆ ಕೆಲಸಕ್ಕೆ ಹೋಗಿದ್ದೆ ಅಂದೆನಲ್ಲ, ಅದು ನಿಜ ಅಲ್ಲ. ನನಗೆ ನೋಡಬೇಕು ಅನ್ನಿಸಿತ್ತು, ಅದಕ್ಕೆ ಹೋಗಿದ್ದೆ. ಒಬ್ಬಳೇ ಹೋಗಿದ್ದೆ" ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಇದರಲ್ಲಿ ಸುಳ್ಳು ಹೇಳುವಂಥದ್ದೇನಿತ್ತು ಎಂದು ಅವರಿಗೆ ತಿಳಿಯಲಿಲ್ಲ. ಹುಡುಗಿಯರಿಗೆ ತಿಳಿಯಿತು. ತರಗತಿ ಗಕ್ಕನೆ ಸುಮ್ಮನಾಯಿತು. ಎರಡನೇ ಬೆಂಚಿನವಳು ಎದ್ದು ನಿಂತಳು. ನಾನು ಏನನ್ನೋ ನಿರೀಕ್ಷಿಸಿ ಮೇಜು ಹಿಡಿದುಕೊಂಡಿದ್ದೆ.

"ಮಿಸ್, ರೈಲಿಗೆ ಎಷ್ಟಾಗುತ್ತೆ?" ಎಂದಳು.

ಹೇಳಿದೆ. ಅವಳು ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಳು.

ಆ ಹುಡುಗಿಯ ಪ್ರಶ್ನೆ ನೆನಪಿದ್ದೂ 2023ರ ಬಸ್ಸಿನಲ್ಲಿ ನಾನು ಬ್ಯಾಗಿನ ಬಾಯಿ ಅಗಲಿಸಿ ತೋರಿಸಿದೆ ಎಂಬುದನ್ನು ಮರೆಮಾಚುವುದಿಲ್ಲ. ಐವತ್ತು ವರ್ಷದ ರೂಢಿ ಒಂದು ಸಲ ನಿಜ ಹೇಳಿದ್ದಕ್ಕೆ ಬಿಟ್ಟುಹೋಗುವುದಿಲ್ಲ, ಮತ್ತೆ ಮತ್ತೆ ಹೇಳಬೇಕು. ಅದಾದ ಮೇಲಿನ ಭಾನುವಾರ ತರೀಕೆರೆಯ ಬಸ್ಸು ಹತ್ತಿ ಅಮೃತಾಪುರಕ್ಕೆ ಹೋದೆ. ವೀರಬಲ್ಲಾಳನ ಕಾಲದ, 1196ರ ದೇವಸ್ಥಾನ. ಹೊರಡುವಾಗ ಅತ್ತೆ, "ಏನು ಹರಕೆ ಗಿರಕೆ ಇತ್ತಾ?" ಎಂದರು. "ಇಲ್ಲ ಅತ್ತೆ, ಸುಮ್ನೆ" ಎಂದೆ.

"ಹಂಗಾದ್ರೆ ಗೇಟು ಹಾಕಿಲ್ಲ ಅನ್ನು" ಎಂದು ನಕ್ಕು, ಕೊಡೆ ತಂದು ಕೈಗಿಟ್ಟರು.